ಅಮೆರಿಕದ ಪಬ್ಲಿಕ್ ಶಾಲೆಯ ತರಗತಿಯಲ್ಲಿ ದಸರಾ ಗೊಂಬೆ ಕೂರಿಸುವ ಬಗೆ

ನವರಾತ್ರಿ ಹತ್ತಿರ ಬಂತೆಂದರೆ ಅಮೆರಿಕದ ಕನ್ನಡ ಮನೆಗಳಲ್ಲೂ ಗೊಂಬೆ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಅದೇ ಹೊತ್ತಿಗೆ ಮಗುವಿನ ಟೀಚರ್ "ನಿಮ್ಮ ಹಬ್ಬದ ಬಗ್ಗೆ ತರಗತಿಯಲ್ಲಿ ಏನಾದರೂ ತೋರಿಸುತ್ತೀರಾ?" ಎಂದು ಕೇಳುವುದುಂಟು. ತಕ್ಷಣ ಒಪ್ಪಿಕೊಂಡುಬಿಡುತ್ತೇವೆ. ಮನೆಯಲ್ಲಿ ಹೇಗೆ ಕೂರಿಸುತ್ತೇವೋ ಹಾಗೇ ಅಲ್ಲೂ ಕಳಶ, ದೀಪ, ಅರಿಶಿನ ಕುಂಕುಮ, ಕೊನೆಗೊಂದು ಆರತಿ. ತೊಂದರೆ ಶುರುವಾಗುವುದು ಅಲ್ಲೇ. ಪಬ್ಲಿಕ್ ಶಾಲೆಯ ತರಗತಿ ಸರ್ಕಾರದ ಜಾಗ. ಅಲ್ಲಿ ಧರ್ಮದ ವಸ್ತುವನ್ನು ವಿವರಿಸಲು ಇಡಬಹುದು, ಪೂಜಿಸಲು ಇಡುವಂತಿಲ್ಲ. ನಮ್ಮ ಗೊಂಬೆಗಳಿಗೆ ತರಗತಿಯ ಬಾಗಿಲು ತೆರೆಯುವ ನಿಯಮವೂ, ತರಗತಿಯ ಗೋಡೆಯ ಫಲಕವಾಗಿ ಬೇರೆಯವರ ಧರ್ಮಾಜ್ಞೆ ನಮ್ಮ ಮಗುವಿನ ತಲೆಯ ಮೇಲೆ ವರ್ಷಪೂರ್ತಿ ತೂಗದಂತೆ ತಡೆಯುವ ನಿಯಮವೂ ಒಂದೇ. ಮೊದಲನೆಯದಕ್ಕೆ ರಿಯಾಯಿತಿ ಕೇಳಿದರೆ ಎರಡನೆಯದು ಕೈಬಿಟ್ಟುಹೋಗುತ್ತದೆ.

ಊರಿನ ಸರ್ಕಾರಿ ಶಾಲೆಯಲ್ಲಿ ಸರಸ್ವತಿ ಪಟ, ಶುಕ್ರವಾರದ ಪೂಜೆ, ಗಣೇಶ ಚೌತಿಯ ಚಪ್ಪರ ನೋಡುತ್ತಲೇ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಮೆರಿಕದ ಶಾಲೆಗೆ ಹೋಗುವಾಗ ಆ ಅಭ್ಯಾಸವನ್ನು ಮನೆಯಲ್ಲೇ ಬಿಟ್ಟು ಹೋಗಬೇಕು.

ಕಾನೂನು ಇಷ್ಟು ಗೊತ್ತಿದ್ದರೆ ಸಾಕು

1963ರ ಶೆಂಪ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಶಾಲೆ ನಡೆಸುವ ಬೈಬಲ್ ಪಠಣವನ್ನು ನಿಲ್ಲಿಸಿತು. ಧರ್ಮಗಳ ಬಗ್ಗೆ ಪಾಠದ ಭಾಗವಾಗಿ ವಸ್ತುನಿಷ್ಠವಾಗಿ ಕಲಿಸುವುದಕ್ಕೆ ಅಡ್ಡಿಯಿಲ್ಲ ಎಂದೂ ಅದೇ ತೀರ್ಪು ಹೇಳಿತು. ಇಂದಿಗೂ ಎಲ್ಲರೂ ನಿಂತಿರುವ ನೆಲ ಅದೇ.

1980ರಲ್ಲಿ ಬಂದ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಕೆಂಟಕಿ ರಾಜ್ಯ ಪ್ರತಿ ತರಗತಿಯ ಗೋಡೆಗೂ 16×20 ಇಂಚಿನ, ಬೈಬಲ್ಲಿನ ಹತ್ತು ಧರ್ಮಾಜ್ಞೆಗಳಿರುವ ಟೆನ್ ಕಮಾಂಡ್‌ಮೆಂಟ್ಸ್ ಫಲಕ ಹಾಕಬೇಕೆಂದು ಕಾನೂನು ಮಾಡಿತ್ತು. ಖರ್ಚು ಖಾಸಗಿ ದೇಣಿಗೆಯದ್ದು. ಆದರೂ ಸ್ಟೋನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. ಫಲಕಕ್ಕೂ ಪಾಠಕ್ಕೂ ಸಂಬಂಧವಿಲ್ಲ, ಮಕ್ಕಳು ಓದಿ ಪಾಲಿಸಲಿ ಎಂದೇ ಅದು ಅಲ್ಲಿದೆ ಎಂಬುದು ಕಾರಣ. ಅದೇ ವರ್ಷ ಸೌತ್ ಡಕೋಟಾದ ಸೂ ಫಾಲ್ಸ್ ಶಾಲಾ ಜಿಲ್ಲೆಯ (ಆ ಪ್ರದೇಶದ ಪಬ್ಲಿಕ್ ಶಾಲೆಗಳನ್ನು ನಡೆಸುವ ಆಡಳಿತ ಘಟಕದ) ನಿಯಮವನ್ನು 8ನೇ ಸರ್ಕಿಟ್ ನ್ಯಾಯಾಲಯ, ಅಂದರೆ ಸುಪ್ರೀಂ ಕೋರ್ಟಿಗಿಂತ ಒಂದು ಹಂತ ಕೆಳಗಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಎತ್ತಿಹಿಡಿಯಿತು. ಶಿಲುಬೆ, ಯಹೂದಿಗಳ ದೀಪಸ್ತಂಭವಾದ ಮೆನೋರಾ, ಅರ್ಧಚಂದ್ರದಂಥ ಚಿಹ್ನೆಗಳನ್ನು ಬೋಧನೆಯ ಸಾಧನವಾಗಿ, ಹಬ್ಬದ ಸಾಂಸ್ಕೃತಿಕ ಮತ್ತು ಧಾರ್ಮಿಕ ಪರಂಪರೆಯ ಉದಾಹರಣೆಯಾಗಿ, ತಾತ್ಕಾಲಿಕವಾಗಿ ಇಡಬಹುದು ಎನ್ನುವ ನಿಯಮ ಅದು. ವಸ್ತು ಎಷ್ಟು ಪವಿತ್ರ ಎಂದು ಎರಡು ಕಡೆಯೂ ಯಾರೂ ಅಳೆಯಲಿಲ್ಲ. ಪಾಠವಿದೆಯೇ, ಎಷ್ಟು ದಿನ ಇರುತ್ತದೆ, ಜೊತೆಗೆ ಏನಿದೆ ಎಂದಷ್ಟೇ ನೋಡಿದರು.

1994ರಲ್ಲಿ ಮಿಶಿಗನ್ನಿನ ಒಂದು ಹೈಸ್ಕೂಲಿನ ಹಜಾರದಲ್ಲಿ ಸುಮಾರು 30 ವರ್ಷದಿಂದ ತೂಗುತ್ತಿದ್ದ ಏಸುವಿನ ಚಿತ್ರ ಸಂವಿಧಾನಬಾಹಿರ ಎಂದು 6ನೇ ಸರ್ಕಿಟ್ ಹೇಳಿತು. ಪಾಠವಿರಲಿಲ್ಲ, ಗಡುವಿರಲಿಲ್ಲ, ಚಿತ್ರ ಒಂಟಿಯಾಗಿತ್ತು. ಗಣೇಶನ ಪಟವನ್ನು ತರಗತಿಗೆ ಕಾಣಿಕೆ ಕೊಟ್ಟು "ಇಲ್ಲೇ ಇರಲಿ" ಎಂದರೆ ಅದರ ಸ್ಥಿತಿಯೂ ಅದೇ. ಟೀಚರ್ ಒಪ್ಪಿದರೂ ಕೊಡಬೇಡಿ.

2022ರ ಕೆನಡಿ ತೀರ್ಪಿನಲ್ಲಿ, ಫುಟ್‌ಬಾಲ್ ಕೋಚ್ ಒಬ್ಬರ ಪ್ರಾರ್ಥನೆಯ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಸರ್ಕಾರದ ಕೆಲಸ ಧರ್ಮಕ್ಕೆ ಒತ್ತಾಸೆ ಕೊಡುತ್ತದೆಯೇ ಎಂದು ಅಳೆಯುತ್ತಿದ್ದ 1971ರ ಹಳೆಯ ಲೆಮನ್ ಪರೀಕ್ಷೆಯನ್ನು ಬಿಟ್ಟು ಇತಿಹಾಸ ಮತ್ತು ಪರಂಪರೆಯನ್ನು ನೋಡಬೇಕು ಎಂದಿತು. ಕೊನೆಯಲ್ಲಿ ಹೇಳುವ ಹೊಸ ಫಲಕ ಕಾನೂನುಗಳ ಬೆಂಬಲಿಗರು ಹಿಡಿದಿರುವ ಎಳೆ ಇದೇ. ಆದರೆ ಕೆನಡಿ ತೀರ್ಪು ಸ್ಟೋನ್ ತೀರ್ಪನ್ನು ರದ್ದು ಮಾಡಲಿಲ್ಲ.

ಯಾರ ಹೆಸರಿನಲ್ಲಿ ಇಡುತ್ತೀರಿ

ಒಂದೇ ಗೊಂಬೆ ಸಾಲಿಗೆ, ಅದು ಯಾವ ದಾರಿಯಿಂದ ಶಾಲೆಯೊಳಗೆ ಬಂತು ಎನ್ನುವುದರ ಮೇಲೆ ಬೇರೆ ಬೇರೆ ನಿಯಮ ಅನ್ವಯಿಸುತ್ತದೆ. ಹೆಚ್ಚಿನ ಗೊಂದಲಕ್ಕೆ ಮೂಲ ಇದನ್ನು ಮೊದಲೇ ತೀರ್ಮಾನಿಸದಿರುವುದು.

ಟೀಚರ್ ಕರೆದು, ಶಾಲಾ ಅವಧಿಯಲ್ಲಿ, ಇಡೀ ತರಗತಿಯ ಮುಂದೆ ಇಟ್ಟರೆ ಅದು ಶಾಲೆಯ ಪಾಠ. ಅತ್ಯಂತ ಬಿಗಿ ನಿಯಮ ಇದಕ್ಕೆ. ಮಾತನಾಡುವವರು ನೀವಾದರೂ ಜವಾಬ್ದಾರಿ ಟೀಚರದ್ದು. ಮಗುವೇ ತನ್ನ ಬಗ್ಗೆ ಹೇಳುವ ಅಸೈನ್‌ಮೆಂಟ್, "ನಮ್ಮ ಮನೆಯ ಹಬ್ಬ" ಎಂಬ ಚಿತ್ರ ಇತ್ಯಾದಿಗಳು ಮಗುವಿನ ಸ್ವಂತ ಅಭಿವ್ಯಕ್ತಿ. ಉಳಿದವರ ಕೆಲಸಕ್ಕಿರುವ ಅಳತೆಗೋಲೇ ಅದಕ್ಕೂ. ದೇವರ ಚಿತ್ರವಿದೆ ಎಂದು ಅಂಕ ಕಳೆಯುವಂತಿಲ್ಲ, ಕೂಡಿಸುವಂತೆಯೂ ಇಲ್ಲ. ಸಂಜೆ ಕೆಫೆಟೇರಿಯಾದಲ್ಲಿ ಪಿಟಿಎ (ಪೋಷಕರ ಮತ್ತು ಶಿಕ್ಷಕರ ಸಂಘ) ನಡೆಸುವ ಕಲ್ಚರ್ ನೈಟ್ ಮೂರನೆಯದು. ಅಲ್ಲಿ ಬರುವವರು ಇಷ್ಟಪಟ್ಟು ಬರುತ್ತಾರೆ, ಹತ್ತು ದೇಶದ ಮೇಜುಗಳಿರುತ್ತವೆ, ಹಿಡಿತ ಸ್ವಲ್ಪ ಸಡಿಲ. ಶಾಲೆ ಮುಗಿದ ಮೇಲೆ ಕನ್ನಡ ಸಂಘ ಬಾಡಿಗೆ ಕೊಟ್ಟು ಸಭಾಂಗಣ ಪಡೆದರೆ ಅದು ಸಂಘದ ಖಾಸಗಿ ಕಾರ್ಯಕ್ರಮ. ಬೇರೆ ಸಂಘಗಳಿಗೆ ಕೊಡುವ ಜಾಗವನ್ನು ಧಾರ್ಮಿಕ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂದು 2001ರ ಗುಡ್ ನ್ಯೂಸ್ ಕ್ಲಬ್ ತೀರ್ಪು ಹೇಳುತ್ತದೆ. ಆರತಿ ಎತ್ತಬೇಕೆಂಬ ಆಸೆ ಇದ್ದವರು ಈ ದಾರಿ ಹಿಡಿಯಲಿ.

ಮುಂದೆ ಹೇಳುವುದೆಲ್ಲ ಮೊದಲನೆಯ ದಾರಿಗೆ, ತರಗತಿಯ ಪಾಠಕ್ಕೆ.

ಅನುಮತಿ ಪತ್ರ

ನಾಲ್ಕೈದು ವಾರ ಮುಂಚೆ ಬರೆಯಿರಿ. ಹಬ್ಬದ ಹಿಂದಿನ ವಾರ ಕೇಳಿದರೆ ಪ್ರಿನ್ಸಿಪಾಲರಿಗೆ ನೀತಿ ನೋಡಲು ಸಮಯವಿರುವುದಿಲ್ಲ, ಸಮಯವಿಲ್ಲದವರಿಗೆ ಸುಲಭದ ಉತ್ತರ "ಬೇಡ".

ಬರೆಯುವ ಮುನ್ನ ನಿಮ್ಮ ಶಾಲಾ ಜಿಲ್ಲೆಯ ನೀತಿ ಕೈಪಿಡಿಯನ್ನು ಜಾಲತಾಣದಲ್ಲಿ ತೆರೆಯಿರಿ. ಟೆಕ್ಸಸ್‌ನ ಜಿಲ್ಲೆಗಳಲ್ಲಿ ಧರ್ಮಗಳ ಅಧ್ಯಯನದ ನೀತಿಗೆ ಇಎಂಐ ಎಂಬ ಸಂಕೇತ. ಕ್ಯಾಲಿಫೋರ್ನಿಯಾದ ಬಹುತೇಕ ಜಿಲ್ಲೆಗಳಲ್ಲಿ ಬಿಪಿ 6141.2. ಬೇರೆ ರಾಜ್ಯಗಳಲ್ಲಿ "ರಿಲಿಜಿಯಸ್ ಹಾಲಿಡೇಸ್" ಎಂದು ಹುಡುಕಿ. "ಟೆಂಪರರಿ", "ಟೀಚಿಂಗ್ ಏಡ್" ಎಂಬ ಪದಗಳು ಅಲ್ಲಿ ಸಿಕ್ಕರೆ ನಿಮ್ಮ ಪತ್ರದಲ್ಲೂ ಅವನ್ನೇ ಬಳಸಿ.

ಪತ್ರದಲ್ಲಿ ಐದಾರು ವಾಕ್ಯ ಸಾಕು. ಯಾವ ಪಾಠಕ್ಕೆ ಸಂಬಂಧ ಎಂಬುದು ಮೊದಲ ವಾಕ್ಯ: ಟೆಕ್ಸಸ್‌ನಲ್ಲಿ 6ನೇ ತರಗತಿಯ ಸಮಾಜ ವಿಜ್ಞಾನವೇ ಜಗತ್ತಿನ ಸಂಸ್ಕೃತಿಗಳ ಕುರಿತದ್ದು, ಕ್ಯಾಲಿಫೋರ್ನಿಯಾದ 6ನೇ ತರಗತಿಯಲ್ಲಿ ಪ್ರಾಚೀನ ಭಾರತದ ಪಾಠವಿದೆ, ಕೆಳಗಿನ ತರಗತಿಗಳಲ್ಲಿ ಕುಟುಂಬ ಮತ್ತು ಸಮುದಾಯದ ಘಟಕಗಳಿರುತ್ತವೆ. ಆಮೇಲೆ ಏನೇನು ತರುತ್ತೀರಿ, ಮೇಜಿನ ಅಳತೆ, ಯಾವ ದಿನ ಇಟ್ಟು ಯಾವ ದಿನ ತೆಗೆಯುತ್ತೀರಿ. ನಂತರ ಒಂದು ಸ್ಪಷ್ಟ ಸಾಲು: "ಪೂಜೆ, ಪ್ರಾರ್ಥನೆ, ದೀಪ ಹಚ್ಚುವುದು, ಪ್ರಸಾದ ಇರುವುದಿಲ್ಲ, ಮಕ್ಕಳು ಯಾವ ಆಚರಣೆಯಲ್ಲೂ ಭಾಗವಹಿಸಬೇಕಿಲ್ಲ." ಪ್ರಿನ್ಸಿಪಾಲರು ಹುಡುಕುವುದು ಈ ಸಾಲನ್ನೇ. ಕೊನೆಗೆ, ಚೀಟಿಗಳ ಬರಹವನ್ನು ಮುಂಚಿತವಾಗಿ ಕಳಿಸುತ್ತೇವೆ, ತಿದ್ದುವುದಿದ್ದರೆ ತಿದ್ದಿ ಎಂದು ಬರೆಯಿರಿ.

ಪೋಷಕರಿಗೆಲ್ಲ ಒಂದು ಸೂಚನೆ ಕಳಿಸುವಂತೆ ಟೀಚರನ್ನು ಕೇಳಿಕೊಳ್ಳಿ. ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯ ಕಥೆ ಪುಸ್ತಕಗಳ ಕುರಿತ 2025ರ ಮಹಮೂದ್ ತೀರ್ಪಿನ ನಂತರ, ಧಾರ್ಮಿಕ ಆಕ್ಷೇಪವಿರುವ ಪೋಷಕರಿಗೆ ಮುನ್ಸೂಚನೆ ಕೊಟ್ಟು ಮಗುವನ್ನು ಹೊರಗಿಡಲು ಅವಕಾಶ ಕೊಡುವ ವಿಷಯದಲ್ಲಿ ಶಾಲೆಗಳು ಹೆಚ್ಚು ಎಚ್ಚರವಾಗಿವೆ. ಒಂದಿಬ್ಬರು ಮಕ್ಕಳು ಆ ಹೊತ್ತು ಗ್ರಂಥಾಲಯಕ್ಕೆ ಹೋದರೆ ಬೇಸರ ಮಾಡಿಕೊಳ್ಳಬೇಡಿ. ನಾಳೆ ನಮ್ಮ ಮಗುವಿಗೂ ಅದೇ ಬಾಗಿಲು ಬೇಕಾಗಬಹುದು.

ಮೆಟ್ಟಿಲು

ಮನೆಯಲ್ಲಿ ಒಂಬತ್ತು ಮೆಟ್ಟಿಲಿರಬಹುದು. ತರಗತಿಗೆ ಮೂರು ಸಾಕು. ಬೆಸಸಂಖ್ಯೆಯೂ ಆಯಿತು, ಪುಟ್ಟ ಮಕ್ಕಳ ಕಣ್ಣಿಗೂ ನಿಲುಕುತ್ತದೆ.

ಶಾಲೆಯ ಮಡಚುವ ಮೇಜು ಸಾಮಾನ್ಯವಾಗಿ 72 ಇಂಚು ಉದ್ದ, 30 ಇಂಚು ಅಗಲ, 29 ಇಂಚು ಎತ್ತರ. ಅದನ್ನು ಗೋಡೆಗೆ ಒತ್ತಿ ನಿಲ್ಲಿಸಿ. ರಟ್ಟಿನ ಪೆಟ್ಟಿಗೆಗಳಿಂದ 48 ಇಂಚು ಉದ್ದ, 8 ಇಂಚು ಆಳದ ಮೂರು ಸಾಲು ಮಾಡಿ: ಹಿಂದಿನದು 12 ಇಂಚು ಎತ್ತರ, ನಡುವಿನದು 8, ಮುಂದಿನದು 4. ಮೂರೂ ಸೇರಿ 24 ಇಂಚು ಆಳ ಹೋಯಿತು, ಮುಂದೆ 6 ಇಂಚು ಚೀಟಿಗಳಿಗೆ ಉಳಿಯಿತು. ಮೇಲಿನ ಮೆಟ್ಟಿಲು ನೆಲದಿಂದ 41 ಇಂಚಿನಲ್ಲಿರುತ್ತದೆ. ಎರಡನೇ ತರಗತಿಯ ಮಗು ನಿಂತರೆ ಅದು ಕಣ್ಣಿಗಿಂತ ತುಸು ಕೆಳಗೆ. ಎರಡೂ ಬದಿಗೆ ಉಳಿಯುವ ಒಂದೊಂದು ಅಡಿಯನ್ನು ಖಾಲಿ ಬಿಡಿ, ಮಕ್ಕಳ ಮೊಣಕೈ ತಾಗುವುದು ಅಲ್ಲೇ.

ಪೆಟ್ಟಿಗೆಯೊಳಗೆ ಪತ್ರಿಕೆ ಕಾಗದವನ್ನು ಒತ್ತಿ ತುಂಬಿ, ಮೇಲೆ ದಪ್ಪ ಫೋಮ್ ಬೋರ್ಡ್ ಇಟ್ಟು ಅಂಟಿಸಿ. ಖಾಲಿ ಪೆಟ್ಟಿಗೆಯ ನಡುಭಾಗ ಗೊಂಬೆಯ ಭಾರಕ್ಕೆ ತಗ್ಗುತ್ತದೆ, ಗೊಂಬೆಗಳು ಒಂದರ ಕಡೆಗೊಂದು ವಾಲುತ್ತವೆ. ಮೇಲೆ ರೇಷ್ಮೆ ಸೀರೆ ಹಾಸಬೇಡಿ: ಜಾರುತ್ತದೆ, ಒಂದು ಮಗು ಅಂಚು ಎಳೆದರೆ ಸಾಲೇ ಕೆಳಗೆ ಬರುತ್ತದೆ. ಟ್ವಿನ್ ಅಳತೆಯ ಬಣ್ಣದ ಹತ್ತಿ ಬೆಡ್‌ಶೀಟ್ ಹಾಸಿ, ಪ್ರತಿ ಮೆಟ್ಟಿಲಿನ ಒಳಮೂಲೆಯಲ್ಲಿ ಗುಂಡುಪಿನ್ನು ಚುಚ್ಚಿ, ಕೆಳಗೆ ಇಳಿಬಿದ್ದದ್ದನ್ನು ಮೇಜಿನಡಿಗೆ ಮಡಚಿ. ಗೊಂಬೆಯ ಬುಡಕ್ಕೆ ಬಟಾಣಿ ಗಾತ್ರದ ಮ್ಯೂಸಿಯಂ ಪುಟ್ಟಿ ಹಚ್ಚಿದರೆ ಅಲುಗದು. ಆದರೆ ಅರಗಿನ ಬಣ್ಣದ ಹಳೆಯ ಗೊಂಬೆಗೆ ಪುಟ್ಟಿ ತಾಗಿಸಬೇಡಿ, ಬಣ್ಣ ಕಿತ್ತು ಬರಬಹುದು. ಅಂಥವನ್ನು ಹಿಂದಿನ ಸಾಲಿನಲ್ಲಿ ಸುಮ್ಮನೆ ನಿಲ್ಲಿಸಿ. ಅಜ್ಜಿಯ ಕಾಲದ ಮಣ್ಣಿನ ಗೊಂಬೆ ಮನೆಯಲ್ಲೇ ಇರಲಿ. ಫೋಟೋ ಸಾಕು.

ಯಾವ ಗೊಂಬೆ

ಒಂದು ಗೊಂಬೆಗೆ ಆರು ಇಂಚು ಜಾಗ ಎಂದರೆ ಸಾಲಿಗೆ ಎಂಟು, ಒಟ್ಟು 24. ಇದರಲ್ಲಿ ದೇವರ ಗೊಂಬೆಗಳು ಆರೇಳು ಇರಲಿ, ಉಳಿದವು ಜನಜೀವನದವು. ಕಾನೂನಿನಲ್ಲಿ ಹೀಗೆ ಲೆಕ್ಕ ಬರೆದಿಲ್ಲ. ಆದರೆ ಮೈಸೂರು ಸೀಮೆಯ ಗೊಂಬೆ ಸಂಪ್ರದಾಯದ ನಿಜವಾದ ಸ್ವರೂಪವೇ ಅದು. ದೇವರು, ಅರಸು, ಅಂಗಡಿ, ಮದುವೆ ಮನೆ, ಹೊಲ, ಕ್ರಿಕೆಟ್ ಮೈದಾನ ಎಲ್ಲ ಒಂದೇ ಮೆಟ್ಟಿಲ ಸಾಲಿನಲ್ಲಿ ಕೂರುತ್ತವೆ. ಅದನ್ನು ಹಾಗೆಯೇ ತೋರಿಸಿದರೆ ಮಕ್ಕಳಿಗೆ ಸಂಸ್ಕೃತಿಯೂ ಸಿಕ್ಕಿತು, ಒಂದೇ ದೇವರನ್ನು ನಡುವೆ ಕೂರಿಸಿ ಗರ್ಭಗುಡಿ ಮಾಡಿದಂತೆಯೂ ಆಗಲಿಲ್ಲ.

ಮೇಲಿನ ಸಾಲಿನ ನಡುವೆ ಪಟ್ಟದ ಗೊಂಬೆಗಳು, ರಾಜ ಮತ್ತು ರಾಣಿ. ಅವುಗಳ ಒಂದು ಬದಿಗೆ ಸಿಂಹದ ಮೇಲಿನ ದುರ್ಗೆ, ಇನ್ನೊಂದು ಬದಿಗೆ ಗಣೇಶ, ಸರಸ್ವತಿ. ಹೊಸ ಪಟ್ಟದ ಗೊಂಬೆಗಳಿಗೆ ಮನೆಯಲ್ಲಿ ಬಟ್ಟೆ ಹೊಲಿದು ಉಡಿಸುತ್ತಾರೆ ಎನ್ನುವುದು ಮಕ್ಕಳಿಗೆ ಬಹಳ ಇಷ್ಟವಾಗುವ ವಿಷಯ. ಉಡಿಸದ ಒಂದು ಜೋಡಿಯನ್ನೂ ಪಕ್ಕದಲ್ಲಿ ಇಟ್ಟರೆ ಕೆಲಸ ಕಣ್ಣಿಗೆ ಕಾಣುತ್ತದೆ. ನಡುವಿನ ಸಾಲಿಗೆ ಜಂಬೂಸವಾರಿ: ಅಂಬಾರಿ ಹೊತ್ತ ಆನೆ, ಕುದುರೆ, ಸಿಪಾಯಿ, ವಾದ್ಯದವರು. ಮೈಸೂರಿನ ನಿಜವಾದ ಚಿನ್ನದ ಅಂಬಾರಿ ಸುಮಾರು 750 ಕಿಲೋ ತೂಗುತ್ತದೆ. ಈ ಅಂಕಿಯನ್ನು ಪೌಂಡಿಗೆ ಬದಲಿಸಿ ಎಂದು ನಾಲ್ಕನೇ ತರಗತಿಯವರಿಗೆ ಲೆಕ್ಕ ಕೊಡಬಹುದು. ಕೆಳಗಿನ ಸಾಲಿಗೆ ದಿನಸಿ ಹರಡಿಕೊಂಡ ಶೆಟ್ಟಿ ಅಂಗಡಿ, ಎತ್ತಿನ ಗಾಡಿ, ಮದುವೆ ಜೋಡಿ, ಚನ್ನಪಟ್ಟಣದ ಬುಗುರಿ, ಗಿಲಕಿ.

ಮುಟ್ಟಬೇಡಿ ಎಂದರೆ ಮುಟ್ಟುತ್ತಾರೆ. ಹಾಗಾಗಿ ಮುಟ್ಟುವುದಕ್ಕೆಂದೇ ನಾಲ್ಕೈದು ಚನ್ನಪಟ್ಟಣದ ಆಟಿಕೆಗಳನ್ನು ಬೇರೆ ಬುಟ್ಟಿಯಲ್ಲಿ ಕೊಡಿ. ಹಾಲೆ ಮರ, ಕಡೆಯುವ ಯಂತ್ರ, ಬಿಸಿಗೆ ಕರಗಿ ಮರಕ್ಕೆ ಹತ್ತುವ ಅರಗು: ಇದು ನೇರ ವಿಜ್ಞಾನ ಪಾಠ. ಕಿಂಡರ್‌ಗಾರ್ಟನ್ ಮಕ್ಕಳಿಗೆ ಬಿಡಿಭಾಗ ಕಳಚುವ ಆಟಿಕೆ ಕೊಡಬೇಡಿ.

ಚೀಟಿಗಳಲ್ಲಿ ಬರೆಯುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ. ಗೊಂಬೆ ತಾನಾಗಿ ಏನನ್ನೂ ಹೇಳುವುದಿಲ್ಲ, ಅದು ಪಾಠವೋ ಪೂಜೆಯೋ ಎಂದು ನಿರ್ಧರಿಸುವುದು ಅದರ ಮುಂದಿನ ವಾಕ್ಯ.

3×5 ಇಂಚಿನ ಕಾರ್ಡು, 24 ಪಾಯಿಂಟಿನ ಅಕ್ಷರ, 25ರಿಂದ 30 ಪದ. ಮೇಲೆ ಹೆಸರು ಕನ್ನಡ ಲಿಪಿಯಲ್ಲಿ, ಕೆಳಗೆ ವಿವರಣೆ ಇಂಗ್ಲಿಷಿನಲ್ಲಿ. ಇಪ್ಪತ್ನಾಲ್ಕಕ್ಕೂ ಬೇಡ, ಎಂಟು ಹತ್ತು ಚೀಟಿ ಸಾಕು.

"ದುರ್ಗಾಮಾತೆ ಮಹಿಷಾಸುರನನ್ನು ಕೊಂದು ಲೋಕವನ್ನು ಕಾಪಾಡಿದಳು" ಎಂದು ಬರೆದರೆ ಶಾಲೆಯೇ ಅದನ್ನು ಸತ್ಯವೆಂದು ಹೇಳಿದಂತಾಗುತ್ತದೆ. "ಅನೇಕ ಹಿಂದೂಗಳು ಪೂಜಿಸುವ ದೇವತೆ ದುರ್ಗೆ. ಮಹಿಷ ಎಂಬ ಅಸುರನನ್ನು ಆಕೆ ಸೋಲಿಸಿದ ಕಥೆಯನ್ನು ಈ ಹಬ್ಬದಲ್ಲಿ ನೆನೆಯುತ್ತಾರೆ" ಎಂದು ಬರೆಯಿರಿ. "ನಮ್ಮ ದೇವರು" ಬೇಡ, "ಹಿಂದೂಗಳು ಪೂಜಿಸುವ" ಇರಲಿ. ಇನ್ನೊಂದು ತಪ್ಪು ಇದಕ್ಕಿಂತ ಹೆಚ್ಚು ಕಾಣುತ್ತದೆ: "ಭಾರತೀಯರು ಹೀಗೆ ಆಚರಿಸುತ್ತಾರೆ". ಎಲ್ಲ ಭಾರತೀಯರೂ ಅಲ್ಲ, ಎಲ್ಲ ಹಿಂದೂಗಳೂ ಅಲ್ಲ, ಎಲ್ಲ ಕನ್ನಡಿಗರೂ ಅಲ್ಲ. ಅದೇ ತರಗತಿಯಲ್ಲಿ ಮಂಗಳೂರಿನ ಕ್ರಿಶ್ಚಿಯನ್ ಮಗುವೋ ಹುಬ್ಬಳ್ಳಿಯ ಮುಸ್ಲಿಂ ಮಗುವೋ ಇರಬಹುದು. ಆ ಒಂದು ವಾಕ್ಯ ಅವರನ್ನು ಭಾರತದಿಂದಲೇ ಹೊರಗಿಡುತ್ತದೆ. "ದಕ್ಷಿಣ ಭಾರತದ ಹಲವು ಹಿಂದೂ ಮನೆಗಳಲ್ಲಿ" ಎಂದರೆ ಸರಿ. ತಮಿಳರಲ್ಲಿ ಇದಕ್ಕೆ ಕೊಲು, ತೆಲುಗರಲ್ಲಿ ಬೊಮ್ಮಲ ಕೊಲುವು ಎಂಬ ಹೆಸರುಗಳನ್ನೂ ಸೇರಿಸಿ, ತರಗತಿಯಲ್ಲಿ ಆ ಮಕ್ಕಳೂ ಇರುತ್ತಾರೆ.

ಬಿಡಬೇಕಾದವು

ಕಳಶ ಬೇಡ. ಕಳಶ ಇಟ್ಟರೆ ದೇವರನ್ನು ಆವಾಹನೆ ಮಾಡಿದಂತೆ ಎಂದು ನಮಗೇ ಗೊತ್ತು, ಅದನ್ನು ಬರೀ ಅಲಂಕಾರ ಎಂದು ಹೇಳುವುದು ನಮ್ಮ ನಂಬಿಕೆಗೂ ಅಪಚಾರ. ಮಂತ್ರದ ಧ್ವನಿಮುದ್ರಣ, ಊದಿನಕಡ್ಡಿ, ಆರತಿ ತಟ್ಟೆ ಬೇಡ. ಮಕ್ಕಳ ಹಣೆಗೆ ಕುಂಕುಮ ಇಡಬೇಡಿ, ಅವರೇ ಕೇಳಿದರೂ ಸಹ. ಆ ಮಗು ಸಂಜೆ ಹಾಗೇ ಮನೆಗೆ ಹೋಗುತ್ತದೆ, ದೂರು ಮರುದಿನ ಬೆಳಿಗ್ಗೆ ಬರುತ್ತದೆ. ನೀವು ಸೀರೆಯುಟ್ಟು ಕುಂಕುಮವಿಟ್ಟು ಹೋಗುವುದು ನಿಮ್ಮ ಸ್ವಂತ ವಿಷಯ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಉರಿಯುವ ದೀಪಕ್ಕೆ ಅಗ್ನಿ ಸುರಕ್ಷತಾ ನಿಯಮವೇ ಅಡ್ಡ. ಬ್ಯಾಟರಿ ದೀಪ ತರುವುದಾದರೆ ಸೆಲ್ ಇರುವ ಜಾಗಕ್ಕೆ ಸ್ಕ್ರೂ ಮುಚ್ಚಳ ಇರಲೇಬೇಕು. ಪುಟ್ಟ ಗುಂಡಿ ಸೆಲ್ ನುಂಗಿದರೆ ಅನ್ನನಾಳ ಸುಡುತ್ತದೆ.

ಬೊಂಬೆ ಬಾಗಿನದ ತಿಂಡಿಯ ವಿಷಯದಲ್ಲಿ ಎರಡು ತೊಡಕು. ದೇವರ ಮುಂದಿಟ್ಟು ತಂದ ಉಸಲಿಯೋ ಮಿಠಾಯಿಯೋ ಪ್ರಸಾದವಾಗುತ್ತದೆ, ಅದನ್ನು ತಿಳಿಸದೆ ಬೇರೆ ಧರ್ಮದ ಮಕ್ಕಳಿಗೆ ಹಂಚುವುದು ತಪ್ಪು. ಅಲರ್ಜಿ ಎರಡನೆಯದು. ಗೋಡಂಬಿ, ಕಡಲೆಕಾಯಿ, ಎಳ್ಳು ಮೂರೂ ಅಪಾಯದವು. ಮನೆಯ ಅಡಿಗೆಗೆ ಒಪ್ಪದ ಶಾಲೆಗಳೂ ಬಹಳ. ತಿಂಡಿಯ ಬದಲು ಒಂದೊಂದು ಬಣ್ಣದ ಪೆನ್ಸಿಲ್ ಕೊಡಿ.

ಸ್ವಸ್ತಿಕದ ಬಗ್ಗೆ ವಿಶೇಷ ಎಚ್ಚರ ಬೇಕು. ಗೊಂಬೆಗಳಲ್ಲಿ ಅದು ಇದೆ ಎಂದು ನಮಗೆ ನೆನಪೇ ಇರುವುದಿಲ್ಲ: ಗಣೇಶನ ಅಂಗೈಯಲ್ಲಿ, ಕುಂಕುಮದ ಬಟ್ಟಲಿನ ಮುಚ್ಚಳದಲ್ಲಿ, ತೋರಣದ ಜರಿಯಲ್ಲಿ, ಪುಟ್ಟ ಮಣೆಯ ಅಂಚಿನಲ್ಲಿ. ಹಿಂದಿನ ರಾತ್ರಿ ಪ್ರತಿಯೊಂದನ್ನೂ ತಿರುಗಿಸಿ ನೋಡಿ. ಹಿಂದೂ, ಬೌದ್ಧ, ಜೈನರ ಸ್ವಸ್ತಿಕವೂ ನಾಜಿಗಳ ಚಿಹ್ನೆಯೂ ಬೇರೆ ಎಂದು ಕ್ಯಾಲಿಫೋರ್ನಿಯಾ 2022ರಲ್ಲಿ ಎಬಿ 2282 ಕಾನೂನಿನಲ್ಲಿಯೇ ಗುರುತಿಸಿದೆ, ಆದರೆ ಕಾನೂನಿನ ಆ ಮಾತು ಏಳು ವರ್ಷದ ಯಹೂದಿ ಮಗುವಿನ ಎದೆಯ ಹೆದರಿಕೆಯನ್ನು ಕಡಿಮೆ ಮಾಡುವುದಿಲ್ಲ. 6ನೇ ತರಗತಿಗಿಂತ ಕೆಳಗಿನವರಿಗೆ ಬೇಡವೇ ಬೇಡ. ಮೇಲಿನವರಿಗೆ, ಟೀಚರ್ ಎರಡೂ ಚಿಹ್ನೆಗಳ ಇತಿಹಾಸವನ್ನು ತಾವೇ ಕಲಿಸುವುದಾದರೆ ಮಾತ್ರ.

ನಲವತ್ತು ನಿಮಿಷ

ಜೋಡಿಸಲು ಅರ್ಧ ಗಂಟೆ ಬೇಕು. ಮಕ್ಕಳು ಬರುವ ಮುಂಚೆ ಮುಗಿಸಿ. ಮೊದಲ ಐದು ನಿಮಿಷ ಏನೂ ಹೇಳದೆ ನೋಡಲು ಬಿಡಿ. ಹತ್ತು ನಿಮಿಷ ನಿಮ್ಮ ಮಾತು: ಭೂಪಟದಲ್ಲಿ ಮೈಸೂರು, 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರುಮಾಡಿದ ದಸರಾ, ಮನೆಗಳಲ್ಲಿ ಗೊಂಬೆ ಕೂರಿಸುವ ರೂಢಿ. ಹತ್ತು ನಿಮಿಷ ಪ್ರಶ್ನೆಗಳಿಗೆ. ಉಳಿದ ಹೊತ್ತು ಚುಕ್ಕಿ ರಂಗೋಲಿ. ಪುಡಿ ಕಾರ್ಪೆಟ್ಟಿಗೆ ಬಿದ್ದರೆ ಹೋಗುವುದಿಲ್ಲ, ಕಪ್ಪು ಕಾಗದದ ಮೇಲೆ ಬಿಳಿ ಬಳಪದಲ್ಲಿ ಬರೆಸಿ. ಐದು ಚುಕ್ಕಿಯಿಂದ ಒಂದಕ್ಕೆ ಇಳಿಯುವ ವಿನ್ಯಾಸ ಎರಡನೇ ತರಗತಿಯವರ ಕೈಗೂ ಬರುತ್ತದೆ, ಸಮಮಿತಿಯ ಪಾಠಕ್ಕೂ ಕೂಡುತ್ತದೆ.

"ಇದು ನಿಜವಾದ ದೇವರಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. "ಹಲವು ಹಿಂದೂಗಳು ಈ ರೂಪದಲ್ಲಿ ದೇವರನ್ನು ಕಾಣುತ್ತಾರೆ" ಎಂದು ಹೇಳಿ. "ವಿಗ್ರಹ ಪೂಜೆ ತಪ್ಪು ಅಂತ ನಮ್ಮ ಚರ್ಚಿನಲ್ಲಿ ಹೇಳುತ್ತಾರೆ" ಎಂದು ಮಗು ಹೇಳಿದರೆ ವಾದಕ್ಕೆ ಇಳಿಯಬೇಡಿ: "ಬೇರೆ ಬೇರೆ ಧರ್ಮಗಳಲ್ಲಿ ಇದರ ಬಗ್ಗೆ ಬೇರೆ ಬೇರೆ ನಂಬಿಕೆ ಇದೆ" ಎಂದು ಹೇಳಿ ಟೀಚರ ಕಡೆ ನೋಡಿ. ಮುಂದಿನದು ಅವರ ಕೆಲಸ. ನಿಮ್ಮ ಮಗುವನ್ನು ಮುಂದೆ ನಿಲ್ಲಿಸುವ ಮುನ್ನ ಅದರ ಮನಸ್ಸು ಕೇಳಿ. ಒಂದನೇ ತರಗತಿಯಲ್ಲಿ ಕುಣಿದಾಡುವ ಮಗು ಐದನೇ ತರಗತಿಯಲ್ಲಿ ಬೇಡ ಎನ್ನಬಹುದು.

ಪ್ರದರ್ಶನ ಎರಡು ಮೂರು ದಿನ, ಹೆಚ್ಚೆಂದರೆ ಒಂದು ವಾರ. ಹೇಳಿದ ದಿನ ತೆಗೆಯಿರಿ.

ಶಾಲೆ ಬೇಡ ಎಂದರೆ

ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಯಾವ ನೀತಿಯ ಯಾವ ಕಲಂ ಎಂದೂ ಕೇಳಿ. ಬಹಳ ಸಲ ಪ್ರಿನ್ಸಿಪಾಲರ ಅಳುಕು ಪೂಜೆಯದ್ದಾಗಿರುತ್ತದೆ, ಚೀಟಿಗಳ ಬರಹ ಕಳಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಉಳಿದರೆ ಜಿಲ್ಲೆಯ ಸಮಾಜ ವಿಜ್ಞಾನ ಸಂಯೋಜಕರ ಬಳಿ ಹೋಗಿ.

"ನಮ್ಮ ಧರ್ಮವನ್ನು ತೋರಿಸುವುದು ನಮ್ಮ ಹಕ್ಕು" ಎಂದು ವಾದಿಸಬೇಡಿ. ತರಗತಿಯಲ್ಲಿ ಏನು ಕಲಿಸಬೇಕು ಎನ್ನುವುದು ಶಾಲೆಗೆ ಬಿಟ್ಟದ್ದು. ಟೀಚರಿಗೂ ಆ ಹಕ್ಕಿಲ್ಲ: ಸ್ಯಾನ್ ಡಿಯಾಗೋ ಕೌಂಟಿಯ ಗಣಿತದ ಶಿಕ್ಷಕರೊಬ್ಬರು ತರಗತಿಯಲ್ಲಿ ದೇವರ ಹೆಸರಿನ, ಸುಮಾರು ಏಳಡಿ ಅಗಲದ ಬ್ಯಾನರ್‌ಗಳನ್ನು ತೂಗುಹಾಕಿದ್ದಾಗ, ತೆಗೆಯಿರಿ ಎಂದ ಶಾಲೆಯ ಪರವಾಗಿ 9ನೇ ಸರ್ಕಿಟ್ 2011ರಲ್ಲಿ ತೀರ್ಪು ಕೊಟ್ಟಿತು. ನೀವು ಕೇಳಬಹುದಾದದ್ದು ಒಂದೇ ಅಳತೆ. ಡಿಸೆಂಬರಿನಲ್ಲಿ ಯಹೂದಿಗಳ ಹನುಕ್ಕಾ ಹಬ್ಬದ ಮೇಜು, ಕ್ರಿಸ್‌ಮಸ್ ಕಥೆಯ ಪಾಠ ಇದ್ದರೆ, ಅದಕ್ಕೆ ಒಪ್ಪಿದ ನೀತಿ ನವರಾತ್ರಿಗೆ ಏಕೆ ಒಪ್ಪುವುದಿಲ್ಲ ಎಂದು ಕೇಳಿ.

ಗೋಡೆಯ ಮೇಲೆ ಟೆನ್ ಕಮಾಂಡ್‌ಮೆಂಟ್ಸ್ ಇದ್ದರೆ

ಲೂಯಿಸಿಯಾನ 2024ರಲ್ಲಿ, ಅರ್ಕನ್ಸಾ ಮತ್ತು ಟೆಕ್ಸಸ್ 2025ರಲ್ಲಿ ಪಬ್ಲಿಕ್ ಶಾಲೆಯ ತರಗತಿಗಳಿಗೆ ಈ ಫಲಕದ ಕಾನೂನು ಮಾಡಿದವು. ಲೂಯಿಸಿಯಾನದಲ್ಲಿ ಕನಿಷ್ಠ ಅಳತೆ 11×14 ಇಂಚು. ಟೆಕ್ಸಸ್‌ನ ಎಸ್‌ಬಿ 10ರಲ್ಲಿ 16×20, ಅಂದರೆ 1980ರಲ್ಲಿ ಬಿದ್ದುಹೋದ ಕೆಂಟಕಿ ಫಲಕದ್ದೇ ಅಳತೆ. ತರಗತಿಯ ಯಾವ ಮೂಲೆಯಿಂದಲೂ ಸಾಮಾನ್ಯ ದೃಷ್ಟಿಯವರಿಗೆ ಓದುವಂತಿರಬೇಕು ಎಂದೂ ಅದು ಹೇಳುತ್ತದೆ. ಪಠ್ಯ ಕಾನೂನಿನಲ್ಲೇ ನಿಗದಿಯಾಗಿದೆ. ಅನ್ಯ ದೇವರುಗಳು ನಿನಗಿರಬಾರದು, ಕೆತ್ತಿದ ವಿಗ್ರಹ ಮಾಡಿಕೊಳ್ಳಬಾರದು ಎಂಬ ಸಾಲುಗಳೂ ಅದರಲ್ಲಿವೆ. ಮನೆಯಲ್ಲಿ ಗಣೇಶನಿಗೆ ಕೈಮುಗಿದು ಬಂದ ಮಗು ಶಾಲೆ ಇರುವ ದಿನವೆಲ್ಲ ಅದರ ಕೆಳಗೆ ಕೂತು ಓದಬೇಕು. ಇದು ಸಣ್ಣ ವಿಷಯವಲ್ಲ. ಟೆಕ್ಸಸ್‌ನಲ್ಲಿ ನ್ಯಾಯಾಲಯಕ್ಕೆ ಹೋದ ಕುಟುಂಬಗಳಲ್ಲಿ ಕ್ರಿಶ್ಚಿಯನ್ನರು, ಯಹೂದಿಗಳು, ಧರ್ಮ ಪಾಲಿಸದವರ ಜೊತೆ ಹಿಂದೂಗಳೂ ಇದ್ದಾರೆ.

ಮೊದಲು ನಿಮ್ಮ ಜಿಲ್ಲೆಯ ಇಂದಿನ ಸ್ಥಿತಿ ನೋಡಿ. 2025ರ ಆಗಸ್ಟ್ 20ರಂದು ಟೆಕ್ಸಸ್‌ನ ಒಬ್ಬ ಫೆಡರಲ್ ನ್ಯಾಯಾಧೀಶರು ಪ್ಲೇನೋ, ಆಸ್ಟಿನ್, ಹ್ಯೂಸ್ಟನ್ ಸೇರಿದಂತೆ 11 ಜಿಲ್ಲೆಗಳಿಗೆ, ನವೆಂಬರ್ 18ರಂದು ಇನ್ನೊಬ್ಬರು ಫ್ರಿಸ್ಕೋ, ಮೆಕಿನ್ನಿ ಸೇರಿದಂತೆ 14 ಜಿಲ್ಲೆಗಳಿಗೆ ತಡೆ ಕೊಟ್ಟರು. ಆ ಆದೇಶಗಳು ಆಗ ಹೆಸರಿಸಿದ ಶಾಲಾ ಜಿಲ್ಲೆಗಳಿಗೆ ಮಾತ್ರ ಅನ್ವಯಿಸಿದ್ದವು. ಟೆಕ್ಸಸ್ ಮತ್ತು ಲೂಯಿಸಿಯಾನ ಪ್ರಕರಣಗಳನ್ನು 5ನೇ ಸರ್ಕಿಟ್ಟಿನ ಪೂರ್ಣ ಪೀಠ 2026ರ ಜನವರಿಯಲ್ಲಿ ಒಟ್ಟಿಗೆ ಆಲಿಸಿತು. ಹೀಗೆ ಮೇಲಿನ ಹಂತಕ್ಕೆ ಹೋದ ವ್ಯಾಜ್ಯದಲ್ಲಿ ಹಳೆಯ ವಾಟ್ಸಾಪ್ ಸುದ್ದಿ ಹಿಡಿದು ಪ್ರಿನ್ಸಿಪಾಲರ ಮುಂದೆ ನಿಲ್ಲಬೇಡಿ.

ಫಲಕ ಇದ್ದರೆ ದಾಖಲೆ ಮಾಡಿ: ಯಾವ ಕೊಠಡಿ, ಯಾವ ಗೋಡೆ, ಅಳತೆ, ಕಂಡ ದಿನಾಂಕ, ಪಕ್ಕದಲ್ಲಿ ಬೇರೇನಿದೆ. ಓಪನ್ ಹೌಸ್ ದಿನ, ಮಕ್ಕಳಿಲ್ಲದ ಹೊತ್ತಿನಲ್ಲಿ ಫೋಟೋ ತೆಗೆಯಿರಿ, ಬೇರೆ ಮಕ್ಕಳ ಮುಖವಾಗಲಿ ಹೆಸರಾಗಲಿ ಬೀಳಬಾರದು. ಮಗುವಿನ ಕೈಯಲ್ಲಿ ಫೋಟೋ ತೆಗೆಸುವುದು, ಫಲಕ ಮುಚ್ಚಿಸುವುದು ಬೇಡ. ಟೀಚರ ಮೇಲೆ ರೇಗಬೇಡಿ. ಹಾಕಿದ್ದು ರಾಜ್ಯ, ತೆಗೆದರೆ ಕೆಲಸಕ್ಕೆ ಕುತ್ತು ಬರುವುದು ಅವರಿಗೆ. ಪತ್ರವನ್ನು ಪ್ರಿನ್ಸಿಪಾಲರಿಗೂ ಜಿಲ್ಲಾ ಕಚೇರಿಗೂ ಬರೆಯಿರಿ.

ಫಲಕ ಸುಮ್ಮನೆ ಇರುವುದು ಬೇರೆ, ಅದನ್ನು ಮಕ್ಕಳಿಂದ ಓದಿಸುವುದು, ಬಾಯಿಪಾಠ ಮಾಡಿಸುವುದು, "ನಿಮ್ಮಲ್ಲಿ ಯಾರು ಇದನ್ನು ಪಾಲಿಸುತ್ತೀರಿ" ಎಂದು ಕೇಳುವುದು ಬೇರೆ. ನಂಬದ್ದನ್ನು ಬಾಯಲ್ಲಿ ಹೇಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1943ರ ಬಾರ್ನೆಟ್ ತೀರ್ಪಿನಲ್ಲೇ ಹೇಳಿದೆ. "ನಾನು ಸುಮ್ಮನೆ ಕೂರುತ್ತೇನೆ" ಎಂದು ಮರ್ಯಾದೆಯಿಂದ ಹೇಳುವುದನ್ನು ಮಗುವಿಗೆ ಮೊದಲೇ ಕಲಿಸಿ. ಅಂಥದ್ದು ನಡೆದರೆ ಅದೇ ದಿನ, ಮಗುವಿನ ಮಾತಿನಲ್ಲೇ, ಬರೆದಿಟ್ಟುಕೊಳ್ಳಿ.

"ಹಾಗಾದರೆ ಪಕ್ಕದಲ್ಲಿ ಗೀತೆಯ ಶ್ಲೋಕವನ್ನೂ ಹಾಕಿ" ಎಂದು ಕೇಳುವ ಯೋಚನೆ ನಮ್ಮ ಗುಂಪುಗಳಲ್ಲಿ ಆಗಾಗ ಬರುತ್ತದೆ. ಬೇಡ. ಶಾಲೆ ಒಪ್ಪಬೇಕಾದ ಕಟ್ಟುಪಾಡಿಲ್ಲ. ಒಪ್ಪಿದರೆ ಇನ್ನೂ ಕಷ್ಟ: ಗೋಡೆಯ ಮೇಲೆ ಧರ್ಮಾಜ್ಞೆ ಇರಬಹುದು ಎಂದು ನಾವೇ ಸಹಿ ಹಾಕಿದಂತೆ. ನಮ್ಮ ಗೊಂಬೆಗಳು ಮೂರು ದಿನ ಇದ್ದು ಮನೆಗೆ ಬರುತ್ತವೆ, ಅದರ ದಿನಾಂಕ ಪತ್ರದಲ್ಲಿದೆ. ಫಲಕದ ವಿರುದ್ಧ ಬರೆಯುವಾಗ ಆ ಪತ್ರದ ಪ್ರತಿಯನ್ನೂ ಜೊತೆಗಿಡಿ. ಉತ್ತರ ಬಾರದಿದ್ದರೆ ಜಿಲ್ಲೆಯ ಕುಂದುಕೊರತೆ ಅರ್ಜಿಯನ್ನು ಅದರ ಗಡುವಿನೊಳಗೆ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.